ತಿಳಿವಳಿಕೆಯ ಖಾತೆ: ಜಮೆ ಎಣಿಸಿದರೆ ಸಾಲದು

(ಸಂಘ-ಸಂಸ್ಥೆಗಳ ಪದಾಧಿಕಾರಿಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.)

ನಮಗೆ ಕೊಟ್ಟ ವಿಷಯ "ಸಂಸ್ಥೆಗಳಲ್ಲಿ ಜ್ಞಾನ ನಿರ್ವಹಣೆ". ಇಂಗ್ಲಿಷಿನಲ್ಲಿ ನಾಲೆಜ್ ಮ್ಯಾನೇಜ್‌ಮೆಂಟ್ ಅಂತಾರೆ. ಹೆಸರು ಕೇಳಿದ್ರೆ ಟೈ ಕಟ್ಟಿಕೊಂಡವರ ವಿಷಯ ಅಂತ ಕಾಣ್ತದೆ. ನಾವು ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ಆದ್ರೂ ಒಪ್ಪಿಕೊಂಡದ್ದು ಯಾಕೆ ಅಂದ್ರೆ, ಈ ವಿಷಯದ ಬಿಸಿ ಮೊದಲು ತಟ್ಟುವುದು ಕೌಂಟರಿಗೇ. ಮೇಲಿನವರು ಯೋಜನೆ ಮಾಡ್ತಾರೆ, ಪೋರ್ಟಲ್ ತೆರೀತಾರೆ, ಉದ್ಘಾಟನೆಯ ಫೋಟೋ ಬರ್ತದೆ. ಅದು ಕೆಲಸಕ್ಕೆ ಬಂತೋ ಇಲ್ಲವೋ ಅಂತ ಗೊತ್ತಾಗುವುದು ಮಾತ್ರ, ಎದುರಿಗೆ ಒಬ್ಬರು ಅಜ್ಜಿ ಪಾಸ್‌ಬುಕ್ ಹಿಡಿದು ನಿಂತ ಹೊತ್ತಿಗೆ.

ಮೊದಲು ವಿಷಯವನ್ನು ಸರಳ ಮಾಡಿಕೊಳ್ಳುವ. ಒಂದು ಕಚೇರಿ ಇರಲಿ, ಕಾರ್ಖಾನೆ ಇರಲಿ, ನಮ್ಮ ನಿಮ್ಮ ಸಂಘ ಇರಲಿ, ಅಲ್ಲಿ ಕೆಲಸ ಮಾಡುವವರ ತಲೆಯಲ್ಲಿ, ಕೈಯಲ್ಲಿ, ಕಪಾಟಿನಲ್ಲಿ ತುಂಬಾ ತಿಳಿವಳಿಕೆ ಇರ್ತದೆ. ಅದು ಬೇಕಾದವರಿಗೆ ಬೇಕಾದ ಹೊತ್ತಿಗೆ ಸಿಗುವ ಹಾಗೆ ಮಾಡುವುದೇ ಜ್ಞಾನ ನಿರ್ವಹಣೆ. ಅಷ್ಟೇ. 1990ರ ದಶಕದಿಂದ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆ ಬೇರೆ ವಿಭಾಗವನ್ನೇ ಮಾಡಿ ಹಣ ಸುರಿದವು. ಕೆಲವು ಗೆದ್ದವು, ಕೆಲವು ಸೋತವು.

ಯಾಕೆ? ನಮ್ಮ ಲೆಕ್ಕಕ್ಕೆ ಕಂಡದ್ದು ಇಷ್ಟು. ಸೋತವರು ತಿಳಿವಳಿಕೆಯ ಖಾತೆಗೆ ಎಷ್ಟು ಜಮೆಯಾಯಿತು ಅಂತ ಎಣಿಸ್ತಾ ಕೂತರು. ಗೆದ್ದವರು ಎಷ್ಟು ಜನ ಬಂದು ತೆಗೆದುಕೊಂಡು ಹೋದರು ಅಂತ ನೋಡಿದರು. ನಮ್ಮ ಬ್ಯಾಂಕುಗಳಲ್ಲಿ ಗ್ರಾಹಕರು ಎರಡು ವರ್ಷಕ್ಕಿಂತ ಹೆಚ್ಚು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕ್ 2014ರಲ್ಲಿ ಮಾಡಿದ ನಿಧಿಗೆ ಹೋಗ್ತದೆ. ಆಮೇಲೂ ವಾರಸುದಾರರು ಕೇಳಿ ಪಡೆಯಬಹುದು. ಆದರೆ ಕೇಳ್ಬೇಕಾದ್ರೆ ಅಲ್ಲಿ ಹಣ ಉಂಟು ಅಂತ ಮೊದಲು ಗೊತ್ತಿರಬೇಕಲ್ಲ? ಸಂಸ್ಥೆಗಳ ಫೈಲುಗಳಲ್ಲಿ, ಪೋರ್ಟಲುಗಳಲ್ಲಿ ಬಿದ್ದಿರುವ ತಿಳಿವಳಿಕೆಯ ಗತಿಯೂ ಇದೇ. ಉಂಟು. ಆದರೆ ಉಂಟು ಅಂತ ಯಾರಿಗೂ ಗೊತ್ತಿಲ್ಲ.

ನಾವು ಕಣ್ಣಾರೆ ನೋಡಿದ ಒಂದು ಸಂಗತಿ ಹೇಳ್ತೇವೆ. ನಮ್ಮ ಗಡಿಯ ಶಾಖೆಗಳಲ್ಲಿ ಹೆಸರಿನದ್ದೇ ಒಂದು ದೊಡ್ಡ ಪುರಾಣ. ಮನುಷ್ಯ ಒಬ್ಬರೇ. ಹಳೆಯ ಲೆಜರಿನಲ್ಲಿ ಹೆಸರು ಕನ್ನಡದ ಉಚ್ಚಾರದ ಹಾಗೆ, ರೇಷನ್ ಕಾರ್ಡಿನಲ್ಲಿ ಮಲಯಾಳದ ಹಾಗೆ, ಆಧಾರಿನಲ್ಲಿ ಟೈಪ್ ಮಾಡಿದವರಿಗೆ ಕೇಳಿಸಿದ ಹಾಗೆ. ಕುಂಞಿ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೀತಾರೆ. ಒಂದು ಕಡೆ ಮನೆಯ ಹೆಸರು ಮುಂದೆ ಬರ್ತದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಿಂದೆ. ಆ ಮನುಷ್ಯ ಬದುಕಿರುವ ತನಕ ತೊಂದರೆ ಇಲ್ಲ, ಎದುರಿಗೆ ಬಂದು ನಿಲ್ತಾರೆ. ತೀರಿಹೋದ ಮೇಲೆ ಮನೆಯವರು ಬರ್ತಾರೆ, ಕಾಗದ ನೋಡಿದ್ರೆ ಮೂರು ಜನ ಬೇರೆ ಬೇರೆ.

ಒಂದು ಶಾಖೆಯಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಅವರಿಗೆ ಇಂಥದ್ದೆಲ್ಲ ಬಾಯಿಪಾಠ. ಯಾವ ಕಾಲದ ಖಾತೆಗೆ ಯಾವ ಪುಸ್ತಕ ನೋಡಬೇಕು, ಎಲ್ಲಿ ಮನೆಯ ಹೆಸರಿನ ಮೇಲೆ ಇಂಡೆಕ್ಸ್ ಮಾಡಿದ್ದಾರೆ, ಯಾವ ದಾಖಲೆ ತಂದರೆ ಹೆಸರಿನ ವ್ಯತ್ಯಾಸ ಸರಿಹೋಗ್ತದೆ, ಎಲ್ಲ. ಅವರು ನಿವೃತ್ತರಾದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯ್ತು. ಚಾರ್ಜ್ ಕೊಡುವಾಗ ಬೀಗದ ಕೈ ಕೊಟ್ಟರು, ರಿಜಿಸ್ಟರ್ ಕೊಟ್ಟರು, ಸಹಿ ಹಾಕಿದರು. ತಲೆಯಲ್ಲಿ ಇದ್ದದ್ದಕ್ಕೆ ಚಾರ್ಜ್ ಲಿಸ್ಟಿನಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಒಂದು ಮನೆಯವರು, ತೀರಿಹೋದ ಯಜಮಾನರ ಠೇವಣಿಗಾಗಿ ಐದು ತಿಂಗಳು ನಡೆದರು. ಕೂಲಿ ಕೆಲಸದ ಮನೆ. ಒಂದು ಸಲ ಬಂದು ಹೋಗಬೇಕಾದರೆ ಒಂದು ದಿನದ ಸಂಬಳ ಹೋಯ್ತು. ಮೊತ್ತ ದೊಡ್ಡದಲ್ಲ, ಆದರೆ ಅದು ಮಗಳ ಫೀಸಿಗೆ ಅಂತ ಅಪ್ಪ ಇಟ್ಟದ್ದು. ನಿಯಮದ ಪುಸ್ತಕ ಇತ್ತು, ಸರ್ಕ್ಯುಲರ್ ಇತ್ತು, ಹುಡುಕುವ ಸಾಫ್ಟ್‌ವೇರ್ ಇತ್ತು. ಕೊನೆಗೆ ಕೆಲಸ ಆದದ್ದು ಹೇಗೆ ಗೊತ್ತುಂಟಾ? ಯಾರೋ ಒಬ್ಬರು ನಿವೃತ್ತರಾದ ಆ ಸರ್‌ಗೆ ಫೋನ್ ಮಾಡಿದರು. ಅವರು ಎರಡು ನಿಮಿಷದಲ್ಲಿ ಎಲ್ಲಿ ನೋಡಬೇಕು ಅಂತ ಹೇಳಿದರು. ಐದು ತಿಂಗಳು ಮತ್ತು ಎರಡು ನಿಮಿಷ. ನಾವು ಇವತ್ತು ಮಾತಾಡ್ತಾ ಇರುವುದು ಈ ಅಂತರದ ಬಗ್ಗೆ.

ಇದು ಒಂದು ಶಾಖೆಯ ಕಥೆ ಮಾತ್ರ ಅಂತ ತಿಳಿಯಬೇಡಿ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಸುಮಾರು ಒಂದು ಲಕ್ಷ ಜನ ಒಮ್ಮೆಗೇ ಹೊರಟರು. ಸಂಬಳದ ಖರ್ಚು ಎಷ್ಟು ಉಳೀತದೆ ಅಂತ ಲೆಕ್ಕ ಹಾಕಲಿಕ್ಕೆ ಸುಲಭ. ಅವರ ಜತೆ ಹೊರಟುಹೋದ ತಿಳಿವಳಿಕೆಯ ಬೆಲೆ ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿಯೂ ಬರುವುದಿಲ್ಲ. ಮುಂದೆ 1970-80ರ ದಶಕಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿದವರು ನಿವೃತ್ತರಾಗುವ ಕಾಲ ಹತ್ತಿರ ಬಂತು. 2010ರಲ್ಲಿ ಖಂಡೇಲ್‌ವಾಲ್ ಸಮಿತಿ ಸರ್ಕಾರಿ ಬ್ಯಾಂಕುಗಳ ಸಿಬ್ಬಂದಿ ವಿಷಯದ ವರದಿಯಲ್ಲಿ ಇದರ ಎಚ್ಚರಿಕೆ ಕೊಟ್ಟಿತ್ತು. ಆಮೇಲೆ ವಿಲೀನ. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಖಾತೆಗಳು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗ್ತವೆ. ಆದರೆ ಈ ಊರಿನಲ್ಲಿ ಅಡಿಕೆ ಯಾವ ತಿಂಗಳಲ್ಲಿ ಹಣವಾಗ್ತದೆ, ಸಾಲದ ಕಂತು ಯಾವಾಗ ಕೇಳಿದ್ರೆ ಬರ್ತದೆ ಅನ್ನುವುದು ಡೇಟಾದ ಜತೆ ಹೋಗುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು.

ಹಾಗಾದ್ರೆ ಎಲ್ಲವನ್ನೂ ಬರೆದಿಟ್ಟರೆ ಆಯ್ತಲ್ಲ ಅಂತ ನೀವು ಕೇಳಬಹುದು. ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಅಮೆರಿಕದ ನಾಸಾ ಅದನ್ನೇ ಮಾಡಿತು. ಹಿಂದಿನ ಯೋಜನೆಗಳಲ್ಲಿ ಕಲಿತ ಪಾಠಗಳನ್ನೆಲ್ಲ ಕಂಪ್ಯೂಟರಿನಲ್ಲಿ ಸೇರಿಸಿಟ್ಟಿತು. ಹೊಸ ಯೋಜನೆ ಶುರು ಮಾಡುವವರು ಅದನ್ನು ಓದಬೇಕು ಅಂತ ನಿಯಮವನ್ನೂ ಮಾಡಿತ್ತು. 2002ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಪಾಠಗಳನ್ನು ಬರೆಯುವುದೂ ಹಂಚುವುದೂ ರೂಢಿಯಾಗಿಲ್ಲ ಅಂತ ಅದರಲ್ಲಿತ್ತು. ಕಾರಣ ಕೇಳಿದರೆ ಸಿಬ್ಬಂದಿ ಹೇಳಿದ್ದು ಎರಡು: ಬರೆಯಲಿಕ್ಕೆ ಸಮಯ ಇಲ್ಲ, ತಪ್ಪು ಆಯ್ತು ಅಂತ ಬರೆದರೆ ಇಲ್ಲಿ ಸಹಿಸುವುದಿಲ್ಲ ಅನ್ನುವ ಹೆದರಿಕೆ. ಹತ್ತು ವರ್ಷ ಬಿಟ್ಟು 2012ರಲ್ಲಿ ನಾಸಾದ್ದೇ ಒಳಗಿನ ತಪಾಸಣಾಧಿಕಾರಿ ಮತ್ತೆ ನೋಡಿದಾಗಲೂ ಯೋಜನಾ ಮ್ಯಾನೇಜರುಗಳು ಆ ಭಂಡಾರವನ್ನು ಹೆಚ್ಚಾಗಿ ಬಳಸ್ತಾ ಇರಲಿಲ್ಲ.

ಈ ಎರಡು ವರದಿಗಳ ನಡುವೆ, 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ನಾಶವಾಗಿ ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಹೋದರು. ಉಡಾವಣೆ ಹೊತ್ತಿಗೆ ಟ್ಯಾಂಕಿನ ನೊರೆಯ ಹೊದಿಕೆಯ ತುಂಡು ಕಳಚಿ ರೆಕ್ಕೆಗೆ ಬಡಿದದ್ದು ಕಾರಣ. ಹಿಂದಿನ ಹಾರಾಟಗಳಲ್ಲೂ ನೊರೆ ಕಳಚಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದು ಗೊತ್ತಿದ್ದು, ಅದೊಂದು ಮಾಮೂಲು ವಿಷಯ ಆಗಿಬಿಟ್ಟಿತು. ತನಿಖಾ ಮಂಡಳಿ, 1986ರ ಚಾಲೆಂಜರ್ ದುರಂತದ ಹೊತ್ತಿನ ಕೆಲವು ರೋಗಗಳೇ ಮತ್ತೆ ಕಾಣಿಸಿಕೊಂಡಿವೆ ಅಂತ ಬರೆಯಿತು. ಪೋರ್ಟಲ್ ಸರಿ ಇದ್ದಿದ್ದರೆ ನೌಕೆ ಉಳೀತಿತ್ತು ಅಂತ ನಾವು ಹೇಳುವುದಿಲ್ಲ, ಅಷ್ಟು ಸುಲಭದ ಲೆಕ್ಕ ಅಲ್ಲ ಅದು. ಆದರೆ ಒಂದು ಸಂಸ್ಥೆಯ ಬಳಿ ತಿಳಿವಳಿಕೆ ಇರುವುದು ಬೇರೆ, ನಿರ್ಧಾರ ಮಾಡುವ ಮೇಜಿಗೆ ಅದು ತಲುಪುವುದು ಬೇರೆ ಅನ್ನುವುದಕ್ಕೆ ಇದಕ್ಕಿಂತ ಬೆಲೆತೆತ್ತ ಉದಾಹರಣೆ ಬೇಡ.

ಇನ್ನು ಕೆಲವರು ಹೇಳ್ತಾರೆ, ಜನ ಬರೆಯುವುದಿಲ್ಲವಾದರೆ ಬಹುಮಾನ ಕೊಡಿ, ಬರೀತಾರೆ ಅಂತ. ಬರೀತಾರೆ, ಸತ್ಯ. ಇದಕ್ಕೆ ನಮ್ಮ ಬೆಂಗಳೂರಿನದ್ದೇ ಉದಾಹರಣೆ ಉಂಟು. ಇನ್ಫೋಸಿಸ್ ಕಂಪನಿ ತನ್ನ ಎಂಜಿನಿಯರುಗಳು ಅನುಭವವನ್ನು ಬರೆದು ಹಾಕಲಿಕ್ಕೆ ಕೆ-ಶಾಪ್ ಅನ್ನುವ ಒಳಗಿನ ಪೋರ್ಟಲ್ ಮಾಡಿತ್ತು. ಬರೆದವರಿಗೆ, ಪರಿಶೀಲಿಸಿದವರಿಗೆ ಅಂಕಗಳು. ಆ ಅಂಕಕ್ಕೆ ಕೆ.ಸಿ.ಯು. ಅಂತ ಹೆಸರು, ಜ್ಞಾನದ ನಾಣ್ಯ ಅಂತ ಅರ್ಥ. ಅಂಕ ಸೇರಿಸಿದರೆ ಬಹುಮಾನ. ಗರುಡ್ ಮತ್ತು ಕುಮಾರಸ್ವಾಮಿ ಅನ್ನುವ ಇಬ್ಬರು ಸಂಶೋಧಕರು ಇದನ್ನು ಹತ್ತಿರದಿಂದ ನೋಡಿ 2005ರಲ್ಲಿ ಪ್ರಕಟಿಸಿದ್ದಾರೆ. ಅಂಕ ಬಂದ ಮೇಲೆ ಬರಹಗಳು ಧಾರಾಳ ಬಂದವು. ಅಲ್ಲಿಗೇ ತೊಂದರೆಯೂ ಶುರು. ರಾಶಿ ಎಷ್ಟಾಯಿತು ಅಂದ್ರೆ, ಬೇಕಾದ್ದನ್ನು ಹುಡುಕುವುದೇ ಕಷ್ಟ. ಪರಿಶೀಲಿಸುವವರ ಮೇಲೆ ಹೊರೆ. ಕೊಟ್ಟ ರೇಟಿಂಗ್ ನಂಬಬಹುದೋ ಇಲ್ಲವೋ ಅಂತ ಸಂಶಯ. ಕಂಪನಿಯ ದೊಡ್ಡಸ್ತಿಕೆ ಏನಂದ್ರೆ, ಇದನ್ನು ಗಮನಿಸಿ ನಿಯಮ ಬದಲಾಯಿಸಿತು. ಬಹುಮಾನದ ಆಸೆಯನ್ನು ತಗ್ಗಿಸಿ, ಓದಿದವರಿಗೆ ಕೆಲಸಕ್ಕೆ ಬಂತಾ ಅನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿತು.

ಇದು ನಮಗೆ ಕೌಂಟರಿನವರಿಗೆ ಬೇಗ ಅರ್ಥವಾಗ್ತದೆ. ಟಾರ್ಗೆಟ್ ಕೊಟ್ಟು ಖಾತೆ ತೆರೆಸಿದರೆ ಖಾತೆಗಳು ತೆರೆಯಲ್ಪಡ್ತವೆ. ಸೊನ್ನೆ ಬ್ಯಾಲೆನ್ಸಿನ ಖಾತೆಗಳು. ಎಣಿಕೆ ಸರಿ ಇರ್ತದೆ, ಒಳಗೆ ಏನೂ ಇರುವುದಿಲ್ಲ.

ಈಗ ಗೆದ್ದವರ ಕಥೆ ನೋಡುವ. ಫೋಟೋಕಾಪಿ ಯಂತ್ರದ ಝೆರಾಕ್ಸ್ ಕಂಪನಿ ನಿಮಗೆ ಗೊತ್ತು. ಹೆಸರೇ ಕೆಲಸದ ಹೆಸರಾಗಿ ನಮ್ಮ ಪೇಟೆಯ ಅಂಗಡಿ ಬೋರ್ಡಿಗೂ ಬಂದಿದೆ. 1980ರ ದಶಕದಲ್ಲಿ ಆ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞರು ಯಂತ್ರ ರಿಪೇರಿ ಮಾಡುವವರ ಹಿಂದೆ ಹಿಂದೆ ತಿರುಗಿದರು. ಕಂಪನಿ ಅವರಿಗೆ ದಪ್ಪ ಮ್ಯಾನುಯಲ್ ಕೊಟ್ಟಿತ್ತು. ಈ ತೊಂದರೆ ಬಂದರೆ ಹೀಗೆ ಮಾಡು ಅಂತ ಎಲ್ಲ ಅದರಲ್ಲಿತ್ತು. ಆದರೆ ಯಂತ್ರಗಳು ಮ್ಯಾನುಯಲ್ ಓದಿ ಕೆಡುವುದಿಲ್ಲವಲ್ಲ! ಓರ್ ಕಂಡದ್ದು ಏನಂದ್ರೆ, ಆ ರಿಪೇರಿಯವರು ಕಠಿಣ ಸಮಸ್ಯೆಗಳನ್ನು ಬಿಡಿಸ್ತಿದ್ದದ್ದು ತಿಂಡಿ ತಿನ್ನುವಾಗ, ಊಟ ಮಾಡುವಾಗ, ಒಬ್ಬರಿಗೊಬ್ಬರು ಹೇಳ್ತಿದ್ದ ಕಥೆಗಳಿಂದ. "ಅಲ್ಲಿ ಒಂದು ಯಂತ್ರ ಹೀಗೆ ಮಾಡ್ತಿತ್ತು ಮಾರಾಯ, ನೋಡಿದ್ರೆ ತೊಂದರೆ ಬೇರೆಯೇ ಇತ್ತು" ಅನ್ನುವ ಥರದ ಮಾತು. ಹೊರಗಿನಿಂದ ನೋಡಿದ ಮ್ಯಾನೇಜರಿಗೆ ಇದು ಹರಟೆ. ಒಳಗಿದ್ದವರಿಗೆ ಇದೇ ಶಾಲೆ.

ಕಂಪನಿ ಬುದ್ಧಿವಂತಿಕೆ ತೋರಿಸಿತು. ಆ ಹರಟೆಯನ್ನು ನಿಲ್ಲಿಸುವ ಬದಲು ಅದನ್ನೇ ದೊಡ್ಡದು ಮಾಡಿತು. 1990ರ ದಶಕದ ಮೊದಲ ಭಾಗದಲ್ಲಿ ಫ್ರಾನ್ಸಿನಲ್ಲಿ ಯುರೇಕಾ ಅನ್ನುವ ವ್ಯವಸ್ಥೆ ಶುರುವಾಯಿತು, ಆಮೇಲೆ ಬೇರೆ ದೇಶಗಳಿಗೂ ಹೋಯಿತು. ರಿಪೇರಿಯವರೇ ತಾವು ಕಂಡುಕೊಂಡ ಉಪಾಯವನ್ನು ತಮ್ಮದೇ ಮಾತಿನಲ್ಲಿ ಬರೆಯುವುದು. ಅದನ್ನು ಅನುಭವಿ ರಿಪೇರಿಯವರೇ ಪರೀಕ್ಷಿಸಿ ಸರಿ ಅಂತ ಒಪ್ಪುವುದು. ಒಪ್ಪಿದ ಉಪಾಯದ ಕೆಳಗೆ ಬರೆದವರ ಹೆಸರು ಇರ್ತದೆ. ಪ್ರತಿ ಉಪಾಯಕ್ಕೆ ಹಣ ಕೊಡುವ ಪ್ರಶ್ನೆ ಬಂದಾಗ ಆ ದಾರಿ ಬೇಡ ಅಂತಲೇ ಆಯಿತು. ಹಣ ಬಂದರೆ ಸಂಖ್ಯೆ ಹೆಚ್ಚುತ್ತದೆ, ಗುಣ ಇಳೀತದೆ ಅಂತ. ನಮ್ಮ ಹೆಸರಿನಲ್ಲಿ ಒಂದು ಒಳ್ಳೆಯ ಉಪಾಯ ಉಂಟು, ದೂರದ ಊರಿನವರು ಅದರಿಂದ ಯಂತ್ರ ಸರಿ ಮಾಡಿಕೊಂಡರು ಅನ್ನುವ ಮರ್ಯಾದೆಯೇ ಅವರಿಗೆ ಸಾಕಾಯ್ತು. ಇದರಿಂದ ಕಂಪನಿಗೆ ಸುಮಾರು 10 ಕೋಟಿ ಡಾಲರ್ ಉಳಿತಾಯವಾಯಿತು ಅಂತ ಆ ಸಂಶೋಧನಾ ಕೇಂದ್ರದ ಮುಖ್ಯಸ್ಥರಾಗಿದ್ದ ಜಾನ್ ಸೀಲಿ ಬ್ರೌನ್ ಅಂದಾಜು ಹೇಳಿದ್ದಾರೆ.

ಇಲ್ಲಿ ನಾಲ್ಕು ವಿಷಯ ಗಮನಿಸಿ. ಕೆಲಸ ಮಾಡುವವರೇ ಬರೆದರು. ಕೆಲಸ ಗೊತ್ತಿದ್ದವರೇ ಪರೀಕ್ಷಿಸಿದರು. ಹೆಸರು ಉಳಿಯಿತು. ಮತ್ತು ಅದು ಕೈಗೆ ಸಿಕ್ಕಿದ್ದು ಯಂತ್ರದ ಎದುರು ಕೂತ ಹೊತ್ತಿಗೆ. ವರ್ಷಕ್ಕೊಮ್ಮೆಯ ತರಬೇತಿ ಶಿಬಿರದಲ್ಲಿ ಕೇಳಿ ಮರೆಯುವ ಹಾಗೆ ಅಲ್ಲ.

ನಮ್ಮಲ್ಲಿ ಇದರ ಸಣ್ಣ ರೂಪ ಈಗಾಗಲೇ ಉಂಟು, ಯಾರೂ ಅದಕ್ಕೆ ದೊಡ್ಡ ಹೆಸರು ಕೊಟ್ಟಿಲ್ಲ. ಸಿಬ್ಬಂದಿಯ ವಾಟ್ಸಾಪ್ ಗ್ರೂಪು. ಕೌಂಟರಿನಲ್ಲಿ ಜನ ಕಾಯ್ತಾ ಇರ್ತಾರೆ, ಒಂದು ಮೆನು ಎಲ್ಲಿ ಉಂಟು ಅಂತ ಗೊತ್ತಾಗುವುದಿಲ್ಲ. ಗ್ರಾಹಕರ ವಿವರ ಏನೂ ಹಾಕದೆ ಪ್ರಶ್ನೆ ಮಾತ್ರ ಹಾಕಿದ್ರೆ, ಇನ್ನೊಂದು ಶಾಖೆಯ ಯಾರೋ ಎರಡು ನಿಮಿಷದಲ್ಲಿ ಉತ್ತರ ಹಾಕ್ತಾರೆ. ಅಧಿಕೃತ ಪೋರ್ಟಲಿನಲ್ಲಿ ಅದೇ ಉತ್ತರ ನಲವತ್ತು ಪುಟದ ಪಿ.ಡಿ.ಎಫ್. ಒಳಗೆ ಇರ್ತದೆ. ವಾಟ್ಸಾಪಿನ ದೋಷ ಏನಂದ್ರೆ, ಒಳ್ಳೆಯ ಉತ್ತರ ಗುಡ್ ಮಾರ್ನಿಂಗ್ ಹೂವುಗಳ ಅಡಿಗೆ ಹೋಗಿ ಮುಚ್ಚಿ ಹೋಗ್ತದೆ. ಮುಂದಿನ ತಿಂಗಳು ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಒಬ್ಬರು ಕೂತು ತಿಂಗಳಿಗೊಮ್ಮೆ ಅದನ್ನು ಹೆಕ್ಕಿ ಜೋಡಿಸಿದರೆ ಅರ್ಧ ಕೆಲಸ ಮುಗೀತು. ಆದರೆ ಆ ಒಬ್ಬರಿಗೆ ಅದಕ್ಕೆ ಹೊತ್ತು ಕೊಡಬೇಕು. ಬೇರೆ ಎಲ್ಲ ಕೆಲಸ ಮುಗಿಸಿ ಮನೆಗೆ ಹೋಗುವ ಮೊದಲು ಮಾಡು ಅಂದ್ರೆ ಯಾರೂ ಮಾಡುವುದಿಲ್ಲ.

ಇನ್ನೊಂದು ಮಾತು. ಕೆಲವು ತಿಳಿವಳಿಕೆ ಬರಹಕ್ಕೆ ಬಗ್ಗುವುದೇ ಇಲ್ಲ. ಜಪಾನಿನ ನೊನಾಕಾ ಮತ್ತು ತಕೆವುಚಿ ಅವರ 1995ರ ಪುಸ್ತಕದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಬರ್ತದೆ. ಮತ್ಸುಶಿತಾ ಕಂಪನಿ, ಈಗಿನ ಪ್ಯಾನಸೋನಿಕ್, 1980ರ ದಶಕದ ನಡುವಿನಲ್ಲಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸ್ತಾ ಇತ್ತು. ಹಿಟ್ಟು ಸರಿಯಾಗಿ ನಾದಲ್ಪಡುತ್ತಿರಲಿಲ್ಲ. ಎಕ್ಸ್-ರೇ ತೆಗೆದು ಹೋಲಿಸಿ ನೋಡಿದರೂ ಗುಟ್ಟು ಸಿಗಲಿಲ್ಲ. ಆಗ ಇಕುಕೋ ತನಾಕಾ ಅನ್ನುವ ಸಾಫ್ಟ್‌ವೇರ್ ತಜ್ಞೆ, ಒಸಾಕಾದ ಒಂದು ಹೋಟೆಲಿನ ಒಳ್ಳೆಯ ಬ್ರೆಡ್ ಮಾಡುವವರ ಹತ್ತಿರ ಹೋಗಿ ಶಿಷ್ಯೆಯ ಹಾಗೆ ಕಲಿತರು. ಅವರು ಹಿಟ್ಟನ್ನು ಎಳೆಯುವಾಗ ಜತೆಗೇ ಒಂದು ತಿರುಚು ಕೊಡ್ತಿದ್ದರು. ಯಂತ್ರಕ್ಕೆ ಅದನ್ನೇ ಅಳವಡಿಸಿದರು. ನಮಗೆ ಇದೇನೂ ಹೊಸತಲ್ಲ. ನೀರುದೋಸೆಯ ಹಿಟ್ಟು ಎಷ್ಟು ತೆಳು ಇರಬೇಕು ಅಂತ ಅಮ್ಮನನ್ನು ಫೋನಿನಲ್ಲಿ ಕೇಳಿದವರಿಗೆಲ್ಲ ಗೊತ್ತುಂಟು. "ಹದ ನೋಡಿ ಹಾಕು" ಅಂತಾರೆ. ಆ ಹದ ಅನ್ನುವುದು ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಬರುವುದು. ಬಂಗಾರದ ಸಾಲಕ್ಕೆ ಆಭರಣ ನೋಡುವವರ ಕಣ್ಣು, ಸಹಿ ನೋಡಿದ ಕೂಡಲೇ ಏನೋ ಸರಿ ಇಲ್ಲ ಅನ್ನಿಸುವ ಹಳೆಯ ಕ್ಯಾಷಿಯರರ ಮನಸ್ಸು, ಇವು ಕೂಡ ಹಾಗೆಯೇ. ನಿವೃತ್ತಿಯ ಕೊನೆಯ ದಿನ ಒಂದು ಫಾರ್ಮ್ ಕೊಟ್ಟು ನಿಮಗೆ ಗೊತ್ತಿದ್ದನ್ನೆಲ್ಲ ಬರೆಯಿರಿ ಅಂದ್ರೆ ಬರುವಂಥದ್ದಲ್ಲ. ಒಬ್ಬರನ್ನು ಆರು ತಿಂಗಳು ಮೊದಲೇ ಅವರ ಪಕ್ಕದಲ್ಲಿ ಕೂರಿಸಬೇಕು.

ಹಾಗಾದ್ರೆ ಜನ ಯಾಕೆ ಹೇಳಿಕೊಡುವುದಿಲ್ಲ? ಸ್ವಾರ್ಥ ಅಂತ ಹೇಳಿ ಮುಗಿಸುವುದು ಸುಲಭ. ನಮಗೆ ಕಾಣುವ ಕಾರಣಗಳು ಮೂರು. ಒಂದು, ಹೆದರಿಕೆ. ನನಗೆ ಮಾತ್ರ ಗೊತ್ತಿರುವುದರಿಂದ ನನಗೆ ಬೆಲೆ, ಎಲ್ಲರಿಗೂ ಗೊತ್ತಾದರೆ ನನ್ನನ್ನು ದೂರದ ಶಾಖೆಗೆ ವರ್ಗ ಮಾಡಿಯಾರು ಅನ್ನುವ ಹೆದರಿಕೆ. ಸಂಸ್ಥೆಯೇ ಹೀಗೆ ಮಾಡ್ತಾ ಇದ್ದರೆ ಆ ಹೆದರಿಕೆಗೆ ಅರ್ಥ ಉಂಟು, ಮನುಷ್ಯನನ್ನು ಬೈದು ಫಲ ಇಲ್ಲ. ಎರಡು, ಹೊತ್ತು. ಐದು ಜನರ ಕೆಲಸವನ್ನು ಮೂವರು ಮಾಡುವ ಕಡೆ ಯಾರು ಯಾರಿಗೆ ಕಲಿಸುವುದು? ಮೂರು, ಭಾಷೆ. ಇದನ್ನು ದೊಡ್ಡ ಪುಸ್ತಕಗಳಲ್ಲಿ ಹೆಚ್ಚಾಗಿ ಹೇಳುವುದಿಲ್ಲ. ಸರ್ಕ್ಯುಲರ್ ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಕೌಂಟರಿನಲ್ಲಿ ನಡೆಯುವುದು ಕನ್ನಡ, ತುಳು, ಮಲಯಾಳ. ಕೆಲಸ ಕಲಿಯುವುದು ಆಡುವ ಭಾಷೆಯಲ್ಲಿ, ಬರೆದಿಡಬೇಕಾದದ್ದು ಬೇರೆ ಭಾಷೆಯಲ್ಲಿ. ನಡುವೆ ಎಷ್ಟೋ ಸೋರಿ ಹೋಗ್ತದೆ. ಝೆರಾಕ್ಸಿನ ರಿಪೇರಿಯವರು ತಮ್ಮ ಮಾತಿನಲ್ಲೇ ಬರೆದದ್ದು ಗೆಲುವಿನ ಒಂದು ಕಾರಣ ಅಂತ ನಾವು ನಂಬ್ತೇವೆ.

ಈಗ ಕೊನೆಗೆ, ಇಲ್ಲಿ ಕೂತಿರುವ ನಮ್ಮ ಸಂಘ-ಸಂಸ್ಥೆಗಳ ಮಾತು. ಬ್ಯಾಂಕಿನಲ್ಲಿ ಎರಡು ಹಳೆಯ ಕ್ರಮಗಳುಂಟು, ಎರಡೂ ನಿಮಗೆ ಉಪಯೋಗಕ್ಕೆ ಬಂದಾವು.

ಒಂದನೆಯದು ಜಂಟಿ ಕಸ್ಟಡಿ. ಸ್ಟ್ರಾಂಗ್ ರೂಮಿನ ಬೀಗ ಒಬ್ಬರ ಕೈಯಲ್ಲೇ ತೆರೆಯುವುದಿಲ್ಲ. ಎರಡು ಕೀ, ಇಬ್ಬರು ಜನ. ಹಣಕ್ಕೆ ಇಷ್ಟು ಎಚ್ಚರ ಮಾಡುವ ನಾವು ತಿಳಿವಳಿಕೆಯನ್ನು ಮಾತ್ರ ಒಬ್ಬರ ತಲೆಯಲ್ಲಿ ಇಟ್ಟು ನಿದ್ದೆ ಮಾಡ್ತೇವೆ. ನಿಮ್ಮ ಸಂಘದಲ್ಲಿ ರಿಜಿಸ್ಟ್ರೇಷನ್ ನವೀಕರಣ ಗೊತ್ತಿರುವವರು ಎಷ್ಟು ಜನ? ಹಳೆಯ ಠರಾವು ಪುಸ್ತಕ ಎಲ್ಲಿದೆ ಅಂತ ಎಷ್ಟು ಜನರಿಗೆ ಗೊತ್ತುಂಟು? ಉತ್ತರ "ಒಬ್ಬರಿಗೆ" ಅಂತಾದರೆ ಅಪಾಯ ಉಂಟು ಅಂತಲೇ ಅರ್ಥ.

ಎರಡನೆಯದು ಕಡ್ಡಾಯ ರಜೆ. ಸೂಕ್ಷ್ಮ ಹುದ್ದೆಗಳಲ್ಲಿ ಇರುವ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ, ಮೊದಲೇ ತಿಳಿಸದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು. ಮೋಸ ಇದ್ದರೆ ಹೊರಗೆ ಬರಲಿ ಅಂತ ಮಾಡಿದ್ದು. ಆದರೆ ಅದರಿಂದ ಇನ್ನೊಂದು ಪರೀಕ್ಷೆಯೂ ಆಗ್ತದೆ. ಆ ಹತ್ತು ದಿನ ಯಾವ ಕೆಲಸ ನಿಂತುಹೋಯಿತೋ, ಅದು ಇನ್ನೊಬ್ಬರಿಗೆ ಗೊತ್ತಿಲ್ಲದ ಕೆಲಸ. ನಿಮ್ಮ ಕಾರ್ಯದರ್ಶಿಗೂ ಒಮ್ಮೆ ಹತ್ತು ದಿನ ರಜೆ ಕೊಟ್ಟು ನೋಡಿ. ಸಂಶಯದಿಂದಲ್ಲ, ಪ್ರೀತಿಯಿಂದ. ಫೋನ್ ಕೂಡ ಮಾಡಬಾರದು. ಎಲ್ಲಿ ತಡವರಿಸ್ತೀರೋ ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಅವರು ಬಂದ ಮೇಲೆ ಆ ಪಟ್ಟಿ ಇಟ್ಟುಕೊಂಡು ಕೂತು ಕಲಿಯಿರಿ. ಯಾವ ಸಾಫ್ಟ್‌ವೇರೂ ಇಷ್ಟು ಸರಿಯಾದ ಪಟ್ಟಿ ಕೊಡುವುದಿಲ್ಲ.

ಗಡಿಯವರಿಗೆ ಇದು ಬರೀ ಅನುಕೂಲದ ವಿಷಯ ಅಲ್ಲ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಅಂತ ಸಂವಿಧಾನದ 350ನೇ ವಿಧಿಯಲ್ಲಿ ಉಂಟು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ಸಚಿವಾಲಯಕ್ಕೂ ಇಲಾಖಾ ಮುಖ್ಯಸ್ಥರಿಗೂ, ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಗಳ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇಷ್ಟು ಜಮೆಯಾಗಿದೆ. ವಿತ್‌ಡ್ರಾ ಮಾಡಲಿಕ್ಕೆ ಗೊತ್ತಿರುವವರು ಎಷ್ಟು ಜನ? ಅರ್ಜಿಯ ಮೇಲ್ಗಡೆ ಏನು ಬರೀಬೇಕು, ಯಾರ ಹೆಸರಿಗೆ ಹಾಕಬೇಕು, ಸ್ವೀಕೃತಿ ಹೇಗೆ ಪಡೆಯಬೇಕು, ಉತ್ತರ ಬರದಿದ್ದರೆ ಮುಂದಿನ ಬಾಗಿಲು ಯಾವುದು, ಇದೆಲ್ಲ ಗೊತ್ತಿರುವವರು ಪ್ರತಿ ಊರಿನಲ್ಲಿ ಒಬ್ಬರೋ ಇಬ್ಬರೋ ಮೇಷ್ಟ್ರು ಇರ್ತಾರೆ. ಅವರಿಗೂ ವಯಸ್ಸಾಗ್ತಾ ಉಂಟು. ಅವರು ಹೋದ ಮೇಲೆ ಕಾಯ್ದೆ ಪುಸ್ತಕದಲ್ಲಿ ಹಾಗೇ ಇರ್ತದೆ, ನಿಷ್ಕ್ರಿಯ ಖಾತೆಯ ಹಾಗೆ.

ಅದಕ್ಕೆ ನಮ್ಮ ಸಲಹೆ ಸಣ್ಣದು. ದೊಡ್ಡ ಆ್ಯಪ್ ಬೇಡ, ವೆಬ್‌ಸೈಟಿನ ಉದ್ಘಾಟನೆ ಬೇಡ. ಮುಂದಿನ ಅರ್ಜಿ ಬರೆಯುವಾಗ ಮೇಷ್ಟ್ರ ಪಕ್ಕದಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕೂರಿಸಿ. ಅರ್ಜಿ ಅವರೇ ಬರೆಯಲಿ, ಮೇಷ್ಟ್ರು ತಿದ್ದಲಿ. ಕಚೇರಿಗೆ ಇಬ್ಬರೂ ಹೋಗಲಿ. ಆದ ಕೆಲಸವನ್ನು ಒಂದು ಪುಟದಲ್ಲಿ, ಆಡುವ ಕನ್ನಡದಲ್ಲಿ ಬರೆದು, ಬರೆದವರ ಹೆಸರು, ಹೇಳಿಕೊಟ್ಟವರ ಹೆಸರು ಎರಡನ್ನೂ ಹಾಕಿ ಸಂಘದಲ್ಲಿ ಇಡಿ. ವರ್ಷದ ಕೊನೆಗೆ ಎಷ್ಟು ಪುಟ ಆಯ್ತು ಅಂತ ಎಣಿಸಬೇಡಿ. ಆ ಪುಟ ನೋಡಿ ಎಷ್ಟು ಜನ ತಮ್ಮ ಅರ್ಜಿ ತಾವೇ ಬರೆದರು ಅಂತ ಎಣಿಸಿ.

ಬ್ಯಾಂಕಿನವರು ಮಾತು ಶುರು ಮಾಡಿದ್ರೆ ಲೆಕ್ಕದಲ್ಲೇ ಮುಗಿಸುವುದು, ಕ್ಷಮಿಸಿ. ಪ್ರಶ್ನೆಗಳಿದ್ರೆ ಕೇಳಿ. ನಿಮ್ಮ ಊರಿನಲ್ಲಿ ಇಂಥ ಮೇಷ್ಟ್ರು ಯಾರಿದ್ದಾರೆ, ಅವರ ಪಕ್ಕದಲ್ಲಿ ಯಾರನ್ನು ಕೂರಿಸ್ತೀರಿ ಅಂತ ಚಹಾ ಕುಡಿಯುವಾಗ ಮಾತಾಡಿಕೊಳ್ಳುವ.